ಮಗುವಿನ ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಲ್ಲಿ ಮಕ್ಕಳ ಪೇಸ್ಟ್ ಆರಿಸುವಾಗ ಕಣ್ಣು ಹಣ್ಣಿನ ರುಚಿ, ಬಣ್ಣ, ‘ಗಿಡಮೂಲಿಕೆ’ ಎಂಬ ಪದದತ್ತ ಹೋಗುವುದು ಸಹಜ. ಹುಳುಕು ತಡೆಯಬೇಕಾದರೆ ಮೊದಲು ನೋಡಬೇಕಾದದ್ದು ಫ್ಲೋರೈಡಿನ ಪ್ರಮಾಣವನ್ನು. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಆಮ್ಲ ಹಲ್ಲಿನ ಎನಾಮೆಲ್‌ನಿಂದ ಖನಿಜವನ್ನು ಕರಗಿಸುತ್ತದೆ. ಆ ಖನಿಜ ಮತ್ತೆ ಕೂರಲು ಫ್ಲೋರೈಡ್ ನೆರವಾಗುತ್ತದೆ. ಫ್ಲೋರೈಡ್ ಇಲ್ಲದ ಪೇಸ್ಟಿಗಿಂತ 1500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1500 ಭಾಗ) ಫ್ಲೋರೈಡಿನ ಪೇಸ್ಟ್ ಹಾಲುಹಲ್ಲಿನ ಹುಳುಕನ್ನು ತಗ್ಗಿಸುತ್ತದೆ ಎಂದು 2019ರಲ್ಲಿ ಕಾಕ್ರೇನ್ ಸಂಸ್ಥೆಯ ಅಧ್ಯಯನ ವಿಮರ್ಶೆ ತೋರಿಸಿತು. ಭಾರತದಲ್ಲಿ ಪೇಸ್ಟಿನ ಫ್ಲೋರೈಡಿನ ಮಿತಿ 1000 ಪಿಪಿಎಂ. ಹಾಗಾಗಿ ಮಕ್ಕಳಿಗೆಂದು 500ಕ್ಕೆ ಇಳಿಸಿದ್ದಕ್ಕಿಂತ ಸಾವಿರದ ಆಸುಪಾಸಿನದೇ ಲೇಸು.

‘ಮಗು ನುಂಗಿದರೆ?’ ಎಂಬ ಆತಂಕ ನ್ಯಾಯವಾದದ್ದೇ. ಅತಿಯಾದ ಫ್ಲೋರೈಡ್ ಹಲ್ಲಿನ ಮೇಲೆ ಕಲೆ ಮೂಡಿಸುತ್ತದೆ. ಪಾವಗಡ, ಮುಂಡರಗಿ ಕಡೆಯ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಇದನ್ನು ಕಲಿಸಿದೆ. ಆದರೆ ಧಾರಾಳ ಮಳೆಯ ಕರಾವಳಿ ಆ ಸಮಸ್ಯೆಯ ಸೀಮೆಯಲ್ಲ. ಪೇಸ್ಟಿನ ಅಪಾಯ ಇರುವುದು ಅಳತೆಯಲ್ಲಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ಅದೂ ದೊಡ್ಡವರ ಕೈಯಿಂದಲೇ. ಪೇಸ್ಟಿನ ಬದಲು ಬಳಸುವ ಮಾವಿನೆಲೆ ಹಲ್ಲಿನ ಕೊಳೆ ತೆಗೆದೀತು, ಫ್ಲೋರೈಡ್ ಕೊಡದು. ಇದ್ದಿಲ ಪುಡಿಯಂತೂ ಎನಾಮೆಲ್ ಸವೆಸುತ್ತದೆ. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ ಎನ್ನುವವರಿಗೆ ಒಂದು ಮಾತು: ದವಡೆಯ ಹಾಲುಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಇರುತ್ತವೆ, ಅಲ್ಲಿಯವರೆಗೆ ಅಗಿಯಲು ಮಗುವಿಗೆ ಅವೂ ಬೇಕು. ರಾತ್ರಿ ಮಲಗುವ ಮುನ್ನ ತಪ್ಪದೆ ಹಲ್ಲುಜ್ಜಿಸಿ. ನೊರೆ ಉಗುಳಿಸಿದರೆ ಸಾಕು, ನೀರಿನಿಂದ ಬಾಯಿ ಮುಕ್ಕಳಿಸುವುದು ಬೇಡ.