ಐದು ಗೆರೆಗಳ ಮೇಲೆ ಸಂಗೀತ

ತುಮಕೂರಿನಿಂದ ಕುಣಿಗಲಿಗೆ ಹೋಗುವ ಹಾದಿಯಲ್ಲಿರುವ ಹೆಬ್ಬೂರಿನಂಥ ಊರಿನಲ್ಲಿ ಮದುವೆಯ ಮೆರವಣಿಗೆ ಹೊರಟಿತೆಂದರೆ, ಒಮ್ಮೆ ನಾಗಸ್ವರ-ಡೋಲುಗಳ ವಾಲಗವೂ ಮತ್ತೊಮ್ಮೆ ಕ್ಲಾರಿನೆಟ್ಟು-ಟ್ರಂಪೆಟ್ಟುಗಳ ಬ್ಯಾಂಡೂ ಮುಂದೆ ಸಾಗುವುದುಂಟು. ವಾಲಗದವರ ಎದುರಿಗೆ ಕಾಗದವಿರುವುದಿಲ್ಲ. ಅವರ ವಿದ್ಯೆಯೆಲ್ಲ ಕಿವಿಯಿಂದ ಬಂದು ನೆನಪಿನಲ್ಲಿ ನೆಲೆಸಿದುದು. ಬ್ಯಾಂಡಿನವರೂ ಎಷ್ಟೋ ವೇಳೆ ಕೇಳಿ ಕಲಿತವರೇ. ಆದರೆ ಅದೇ ಕ್ಲಾರಿನೆಟ್ಟಿನ ತವರಾದ ಯೂರೋಪಿನಲ್ಲಿ, ನುರಿತ ವಾದಕನು ತಾನೆಂದೂ ಕೇಳಿರದ ಕೃತಿಯನ್ನು ಹಾಳೆಯ ಮೇಲೆ ನೋಡಿದೊಡನೆಯೇ ನುಡಿಸಬಲ್ಲನು. ಧ್ವನಿಯನ್ನು ಕಣ್ಣಿಗೆ ಕಾಣಿಸುವ ಈ ಲಿಪಿಯ ಗುಟ್ಟೇನು? ಸರಳೆ ವರಸೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗೆ ಅದು ಅಷ್ಟು ಕಠಿನವೇ? ನೋಡೋಣ.

ಏಣಿಯೂ ಎಣಿಕೆಯೂ

ಗಣಿತದ ತರಗತಿಯಲ್ಲಿ ನಾವೆಲ್ಲರೂ ಗ್ರಾಫ್ ಕಾಗದವನ್ನು ಬಳಸಿದವರೇ. ಪಾಶ್ಚಾತ್ಯ ಸ್ವರಲಿಪಿಯೂ ಅಂಥದೇ ಒಂದು ನಕ್ಷೆ: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಐದು ಸಮಾನಾಂತರ ಗೆರೆಗಳು, ಅವುಗಳ ನಡುವೆ ನಾಲ್ಕು ಎಡೆಗಳು. ಗೆರೆಯ ಮೇಲೊಂದು, ಎಡೆಯಲ್ಲೊಂದು, ಹೀಗೆ ಸ್ವರಗಳು ಏಣಿಯೇರುತ್ತವೆ. ಇದಕ್ಕೆ ಸ್ಟಾಫ್ ಎಂದು ಹೆಸರು. ಸುಮಾರು ಸಾವಿರ ವರ್ಷಗಳ ಹಿಂದೆ ಇಟಲಿಯ ಗೀಡೋ ಎಂಬ ಸನ್ಯಾಸಿಯು ಹಾಡುಗಾರರಿಗೆ ಬೇಗ ಪಾಠ ಹೇಳುವ ಉದ್ದೇಶದಿಂದ ಗೆರೆಗಳ ಪದ್ಧತಿಯನ್ನು ಕ್ರಮಗೊಳಿಸಿದನು. ಆಗ ಬಳಕೆಗೆ ಬಂದುದು ನಾಲ್ಕು ಗೆರೆ. ಐದನೆಯದು ಆಮೇಲೆ ನೆಲೆಗೊಂಡಿತು.

ಗೆರೆಗಳಿಗೆ ತಾವಾಗಿಯೇ ಹೆಸರಿಲ್ಲ. ಆರಂಭದಲ್ಲಿ ಬರೆಯುವ ಕ್ಲೆಫ್ ಎಂಬ ಚಿಹ್ನೆ ಅವಕ್ಕೆ ಹೆಸರಿಡುತ್ತದೆ. ಟ್ರೆಬಲ್ ಕ್ಲೆಫ್ಫಿನ ಸುರುಳಿಯು ಕೆಳಗಿನಿಂದ ಎರಡನೆಯ ಗೆರೆಯನ್ನು ಬಳಸಿ, ‘ಇದು ಜಿ’ ಎಂದು ಸಾರುತ್ತದೆ. ಅದರ ಮೇಲಿನ ಎಡೆ ಎ. ಅಂತರರಾಷ್ಟ್ರೀಯ ಒಪ್ಪಿಗೆಯಂತೆ ಈ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳು. ಒಂದು ಸ್ಥಾಯಿ ಮೇಲೇರಿದರೆ ಅದರ ಇಮ್ಮಡಿ, 880.

ಕಾಲಕ್ಕೆ ಗುರುತು ಸ್ವರಚಿಹ್ನೆಯ ಆಕಾರ. ಟೊಳ್ಳಾದ ಮೊಟ್ಟೆಯಾಕಾರ ನಾಲ್ಕು ಎಣಿಕೆ; ಅದಕ್ಕೆ ಕಡ್ಡಿ ಬಂದರೆ ಎರಡು; ತಲೆ ಕಪ್ಪಾದರೆ ಒಂದು; ಕಡ್ಡಿಗೆ ಕೊಂಡಿ ಸೇರಿದರೆ ಅರ್ಧ. ಮೊದಲನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ ಸರಳೆಯನ್ನು ಹಾಡಿದವರಿಗೆ ಈ ಅರ್ಧಿಸುವಿಕೆ ಹೊಸದಲ್ಲ. ಮೌನಕ್ಕೂ ಇಷ್ಟಿಷ್ಟೇ ಎಂಬ ಬೇರೆ ಚಿಹ್ನೆಗಳುಂಟು.

ಷಡ್ಜ ಎಲ್ಲಿ?

ಹಾರ್ಮೋನಿಯಮ್ಮಿನ ಬಿಳಿಯ ಮನೆಗಳನ್ನು ಸಿ ಎಂಬಲ್ಲಿಂದ ಹಿಡಿದು ವರಸೆಯಾಗಿ ಒತ್ತೋಣ. ಕೇಳುವುದು 29ನೆಯ ಮೇಳವಾದ ಶಂಕರಾಭರಣದ ಸ್ವರಗಳು. ಪಾಶ್ಚಾತ್ಯರಿಗೆ ಇದೇ ಮೇಜರ್ ಸ್ಕೇಲ್. ಗ-ಮ ಮತ್ತು ನಿ-ಸಗಳ ನಡುವೆ ಅರ್ಧ ಮೆಟ್ಟಿಲು, ಮಿಕ್ಕೆಡೆ ಪೂರ್ಣ ಮೆಟ್ಟಿಲು.

ನಮ್ಮವರು ಎಡವುವುದು ಇಲ್ಲಿಯೇ. ಸಿ ಎಂದರೆ ‘ಸ’ ಎಂದು ಉರುಹೊಡೆಯುವುದು ತಪ್ಪು. ನಮ್ಮ ಷಡ್ಜವು ಹಾಡುವವನ ಶ್ರುತಿಯೊಡನೆ ಚಲಿಸುತ್ತದೆ, ಸಿ ಚಲಿಸದು. ಜಿಯನ್ನೇ ಷಡ್ಜವಾಗಿ ಹಿಡಿದರೆ ನಿಷಾದದ ಜಾಗಕ್ಕೆ ಬರುವ ಎಫ್ ಅರ್ಧ ಮೆಟ್ಟಿಲು ತಗ್ಗಾಗಿರುತ್ತದೆ. ಅದನ್ನೇರಿಸಿ ಕಪ್ಪು ಮನೆಗೆ ಹೋಗಬೇಕು. ಹಾಳೆಯ ತಲೆಯಲ್ಲಿ ಎಫ್ ಗೆರೆಯ ಮೇಲೆ ಕಾಣುವ ಶಾರ್ಪ್ ಗುರುತಿನ ಅರ್ಥವಿಷ್ಟೆ.

ಯಾವ ಮನೆಯಿಂದ ಹೊರಟರೂ ಅಂತರಗಳು ಒಂದೇ ಆಗಿರಲೆಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ್ದಾರೆ. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.0595ರಷ್ಟು. ಈ ಅನುಕೂಲಕ್ಕೆ ಬೆಲೆಯುಂಟು. ಸಹಜ ಪಂಚಮ ಷಡ್ಜದ 1.5 ಪಟ್ಟು, ಪಿಯಾನೋದಲ್ಲಿ ಅದು 1.498. ಗಾಂಧಾರ 1.25 ಆಗಬೇಕಾದಲ್ಲಿ 1.26 ಆಗಿದೆ. ತಂಬೂರಿಯೊಡನೆ ಪಳಗಿದ ಕಿವಿಗೆ ಆ ಗಾಂಧಾರ ಕೊಂಚ ಏರಿದಂತೆ ತೋರುವುದು ಭ್ರಮೆಯಲ್ಲ.

ಗೆರೆಗೆ ಸಿಕ್ಕದ್ದು

ಹಾಗಾದರೆ ನಮ್ಮ ಕೀರ್ತನೆಗಳನ್ನೂ ಈ ಐದು ಗೆರೆಗಳ ಮೇಲೆ ಬರೆದಿಡಬಹುದಲ್ಲವೇ? ಮದರಾಸಿನ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು 1890ರ ದಶಕದಲ್ಲಿ ಈ ಸಾಹಸಕ್ಕೆ ಕೈಹಾಕಿ ಗ್ರಂಥವನ್ನೇ ಹೊರತಂದರು. ತೊಡಕಾದುದು ಗಮಕ. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ನಡೆಯೇ ನಮ್ಮಲ್ಲಿ ರಾಗದ ಜೀವ; ಸ್ಟಾಫ್ ಸುಲಭವಾಗಿ ತೋರಿಸುವುದು ನಿಲ್ಲುವ ನೆಲೆಗಳನ್ನು. 1904ರಲ್ಲಿ ಎಟ್ಟಯಾಪುರದಿಂದ ಪ್ರಕಟವಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸುಬ್ಬರಾಮ ದೀಕ್ಷಿತರು ಸರಿಗಮ ಅಕ್ಷರಗಳನ್ನೇ ಉಳಿಸಿಕೊಂಡು ಗಮಕಗಳಿಗೆ ಬೇರೆ ಬೇರೆ ಚಿಹ್ನೆಗಳನ್ನು ಕೊಟ್ಟರು. ಆದರೂ ಗುರುಮುಖದಿಂದ ಕೇಳದೆ ಆ ಚಿಹ್ನೆಗಳು ಹಾಡಾಗವು.

ಪಾಶ್ಚಾತ್ಯ ಲಿಪಿಯ ಬಲವಿರುವುದು ಬೇರೆ ಕಡೆ. ಹಲವರು ಬೇರೆ ಬೇರೆ ಸ್ವರಗಳನ್ನು ಏಕಕಾಲಕ್ಕೆ ನುಡಿಸಬೇಕಾದಾಗ, ಒಬ್ಬೊಬ್ಬನ ಪಾಲನ್ನೂ ಬರೆದುಕೊಡದೆ ಗತ್ಯಂತರವಿಲ್ಲ.

ಈ ಎರಡು ವಿದ್ಯೆಗಳೂ ಒಂದೆಡೆ ನೆಲೆಸಿದ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಮನ್ನಣೆ ಪಡೆದವರು. ಕರ್ನಾಟಕ ಪದ್ಧತಿಯಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ ಕೃತಿಗಳನ್ನು ರಚಿಸಿದವರೂ ಅವರೇ. ಜರ್ಮನಿಯ ರಿಚರ್ಡ್ ಸ್ಟ್ರೌಸನು 1948ರಲ್ಲಿ ತನ್ನ ಕೊನೆಯ ನಾಲ್ಕು ದೊಡ್ಡ ಗೀತೆಗಳನ್ನು ಬರೆದು, ವಾದ್ಯವೃಂದದಲ್ಲಿ ಅವನ್ನು ಕೇಳುವ ಮುನ್ನವೇ 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. 1950ರ ಮೇ 22ರಂದು ಲಂಡನ್ನಿನಲ್ಲಿ ಆ ನಾಲ್ಕೂ ಗೀತೆಗಳು ಮೊದಲ ಬಾರಿಗೆ ಒಟ್ಟಾಗಿ ಕೇಳಿಬಂದವು. ಆ ಕಚೇರಿಗೆ ಹಣದ ಆಸರೆಯಿತ್ತವರು ಇದೇ ಒಡೆಯರು.

ಕರ್ತೃವು ಮರೆಯಾದ ಮೇಲೂ, ಅವನು ತನ್ನ ಕಿವಿಯಾರೆ ಕೇಳದ ನಾದವನ್ನು ಐದು ಗೆರೆಗಳು ಕಾಪಾಡಿಕೊಟ್ಟವು. ಲಿಪಿ ಮಾಡಬಲ್ಲ ದೊಡ್ಡ ಕೆಲಸವಿದು. ಅದರಿಂದಾಗದ ಕೆಲಸ ಗುರುವಿನ ಕಂಠದಲ್ಲಿದೆ. ಎರಡರ ಎಲ್ಲೆಯನ್ನೂ ಅರಿತು ಕಲಿಯಹೊರಟ ವಿದ್ಯಾರ್ಥಿಯು ಯಾವುದನ್ನೂ ಕೀಳೆಣಿಸಲಾರನು. ಸರಿಗಮದಷ್ಟು ಬುತ್ತಿಯಂತೂ ಅವನ ಬಳಿ ಆಗಲೇ ಇದೆ.