ಡೀಸೆಲ್ ಪಿಕಪ್ ವಾಹನದ ಇಂಜಿನನ್ನು ಕಾಯಿಸುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ ಪ್ರಾಂತಗಳಲ್ಲಿ ತರಕಾರಿ ಬೆಳೆಯುವ ಜಮೀನ್ದಾರರಲ್ಲಿ ಅನೇಕರು ಸ್ವಂತ ಡೀಸೆಲ್ ಪಿಕಪ್ ವಾಹನಗಳನ್ನು ಇಟ್ಟುಕೊಂಡಿರುವರು. ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ, ಮಾರುಕಟ್ಟೆಗೆ ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಚಾಲಕನು ಇಂಜಿನನ್ನು ಹೊರಡಿಸಿ, ಟೊಮ್ಯಾಟೊ ಪೆಟ್ಟಿಗೆಗಳನ್ನು ತುಂಬಿ ಮುಗಿಯುವವರೆಗೂ ನಿಂತಲ್ಲಿಯೇ ಓಡಗೊಡುವ ವಾಡಿಕೆಯು ಕಂಡುಬರುತ್ತದೆ. ಇಂಜಿನು ಕಾಯಬೇಕೆಂಬುದು ಸರಿಯೇ. ಆದರೆ ನಿಂತಲ್ಲಿ ಅದು ಚೆನ್ನಾಗಿ ಕಾಯುವುದೆಂಬ ಭಾವನೆಯು ಸರಿಯಲ್ಲ.

ರುಡಾಲ್ಫ್ ಡೀಸೆಲ್ ಎಂಬ ಯಂತ್ರಶಿಲ್ಪಿಯು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಓಡಿಸಿ ತೋರಿಸಿದ ಈ ಬಗೆಯ ಇಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಮೂಲ ಗಾತ್ರದ ಸುಮಾರು 16ರಿಂದ 18ರಲ್ಲೊಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುವುದು. ಆ ಬಿಸಿಯಲ್ಲಿ ಚಿಮುಕಿಸಿದ ಎಣ್ಣೆಯು ತಾನಾಗಿ ಹತ್ತಿಕೊಳ್ಳುವುದು. ಗೋಡೆಗಳು ತಣ್ಣಗಿದ್ದಲ್ಲಿ ಅವು ಈ ಬಿಸಿಯನ್ನು ಹೀರುವುದರಿಂದ ಎಣ್ಣೆಯು ಪೂರ್ತಿ ಉರಿಯದೆ ಬಿಳಿಯ ಹೊಗೆಯಾಗಿ ಹೊರಬೀಳುವುದು.

ಹೊರೆಯಿಲ್ಲದೆ ನಿಂತು ಓಡುವಾಗ ಒಳಕ್ಕೆ ಬರುವ ಎಣ್ಣೆಯು ಅತ್ಯಲ್ಪ, ಗಾಳಿಯು ಮಾತ್ರ ಧಾರಾಳ. ಇದು ಒಲೆಗೆ ಒಂದೇ ಕಡ್ಡಿಯಿಟ್ಟು ಹಂಡೆಯ ನೀರನ್ನು ಕಾಯಿಸಲು ಕುಳಿತಂತೆ. ಉರಿಯದೆ ಉಳಿದ ಎಣ್ಣೆಯು ಸಿಲಿಂಡರಿನ ಗೋಡೆಯ ಮೇಲಿನ ಜಿಡ್ಡನ್ನು ತೊಳೆದು, ಕೆಳಗಿನ ಇಂಜಿನ್ ಆಯಿಲಿನೊಡನೆ ಬೆರೆತು ಅದನ್ನು ತೆಳುವು ಮಾಡುತ್ತದೆ. ಪಿಸ್ಟನ್ ಬಳೆಗಳಿಗೂ ಎಣ್ಣೆ ಚಿಮುಕಿಸುವ ಮೂತಿಗೂ ಮಸಿ ಹಿಡಿಯುತ್ತದೆ. 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಾನುಸಾರ ತಯಾರಾದ ಅನೇಕ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ತಡೆಯುವ ಜರಡಿಯೊಂದುಂಟು. ಮಸಿ ಸುಟ್ಟು ಅದು ಶುದ್ಧವಾಗಬೇಕಾದರೆ ಹೊಗೆಯು ಬಹಳ ಬಿಸಿಯಾಗಿರಬೇಕು. ನಿಂತು ಓಡುವ ಇಂಜಿನಿನಲ್ಲಿ ಅಷ್ಟು ಬಿಸಿಯೆಲ್ಲಿಯದು?

ಆದಕಾರಣ ಸರಕನ್ನು ಪೂರ್ತಿ ತುಂಬಿದ ಮೇಲೆಯೇ ಇಂಜಿನನ್ನು ಹೊರಡಿಸತಕ್ಕದ್ದು. ಕೀಲಿಯನ್ನು ‘ಆನ್’ ಹಂತಕ್ಕೆ ತಿರುಗಿಸಿ, ಸುರುಳಿಯ ಗುರುತಿನ ದೀಪವು ಆರುವವರೆಗೆ ತಾಳಬೇಕು. ಅಷ್ಟರಲ್ಲಿ ಗ್ಲೋ ಪ್ಲಗ್ಗುಗಳು ಒಳಭಾಗವನ್ನು ಕಾಯಿಸಿರುತ್ತವೆ. ಇಂಜಿನು ಹೊರಟು ಆಯಿಲ್ ಒತ್ತಡದ ದೀಪವು ಆರಿದ ಬಳಿಕ ಅರ್ಧ ಅಥವಾ ಒಂದು ನಿಮಿಷ ಸಾಕು. ಅನಂತರ ಮೊದಲ ಐದಾರು ಮೈಲಿ ಆಕ್ಸಿಲರೇಟರನ್ನು ಬಲವಾಗಿ ಒತ್ತದೆ ಮೆಲ್ಲಗೆ ಸಾಗತಕ್ಕದ್ದು. ನೀರು ಹೆಪ್ಪುಗಟ್ಟುವ ದೇಶಗಳಲ್ಲಿ ಡೀಸೆಲ್ ಎಣ್ಣೆಯೇ ಮೇಣದಂತೆ ಗಟ್ಟಿಯಾಗುವುದುಂಟು, ಅಲ್ಲಿಯ ವಿಧಿಗಳು ಬೇರೆ. ನಮ್ಮ ಚಳಿಯು ಅಂಥದಲ್ಲ.

ಖರ್ಚಿನ ಮಾತು. ನಿಂತು ಓಡುವ ಪಿಕಪ್ ಇಂಜಿನು ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರು ಎಣ್ಣೆಯನ್ನು ಕುಡಿಯುವುದು. ದಿನಕ್ಕೆ ಅರ್ಧ ಗಂಟೆಯಂತೆ 300 ದಿನಗಳಿಗೆ 75ರಿಂದ 150 ಲೀಟರು ವ್ಯರ್ಥ. ಚಾಲಕನ ಕೈಯಲ್ಲಿ ವಾಹನವನ್ನು ಬಿಟ್ಟಿರುವ ಯಜಮಾನರು ಈ ಲೆಕ್ಕವನ್ನು ತಾವೇ ಹಾಕಿ ನೋಡಬಹುದು.

ಇದಕ್ಕಿಂತಲೂ ದೊಡ್ಡದು ಪ್ರಾಣದ ವಿಷಯ. ಚಳಿಗೆ ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಾಗಲಿ, ಆಳುಗಳು ಮಲಗುವ ಹಜಾರದ ಪಕ್ಕದಲ್ಲಾಗಲಿ ಇಂಜಿನನ್ನು ಎಂದಿಗೂ ಓಡಗೊಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹೊಗೆಯು ಕ್ಯಾನ್ಸರ್ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು 2012ರಲ್ಲಿ ನಿರ್ಧರಿಸಿದೆ.

ನಿಂತು ಓಡಿಸಬೇಕಾದ ಸಂದರ್ಭ ಒಂದುಂಟು. ತುಂಬಿದ ಹೊರೆಯೊಡನೆ ಏರನ್ನು ಹತ್ತಿ ಬಂದ ಕೂಡಲೆ ಟರ್ಬೊ ಇರುವ ಇಂಜಿನನ್ನು ನಿಲ್ಲಿಸಿದರೆ, ಅದರ ಕಾದ ಬೇರಿಂಗುಗಳಿಗೆ ಆಯಿಲ್ ಹರಿಯುವುದು ನಿಂತು ಅಲ್ಲಿ ಉಳಿದದ್ದು ಕರಕಾಗುವುದು. ಆಗ ಒಂದೆರಡು ನಿಮಿಷ ಮೆಲ್ಲಗೆ ಓಡಗೊಟ್ಟು, ಬಳಿಕ ಕೀಲಿಯನ್ನು ತೆಗೆಯತಕ್ಕದ್ದು.