ಹೂವುಂಟು, ಕಾಯಿಲ್ಲ

ನಮ್ಮ ಹಿತ್ತಲಿನ ಟೊಮೇಟೊ ಗಿಡಗಳು ಎದೆಯೆತ್ತರಕ್ಕೆ ಬೆಳೆದು ಕಡುಹಸಿರಾಗಿ ನಿಂತಿದ್ದುವು. ಹೂವೂ ಬಂದಿತು, ಬಂದ ಹೂವೆಲ್ಲ ತೊಟ್ಟು ಕಳಚಿ ಉದುರಿತು. ಗಿಡ ಹಸಿದಿರಬೇಕೆಂದು ಬಗೆದು ನಾವು ಮತ್ತಷ್ಟು ಗೊಬ್ಬರವನ್ನು ಹಾಕಿದೆವು. ಕೊನೆಗೆ ಬೇಸತ್ತು ಕಿತ್ತೆಸೆಯಲು ಹೊರಟಿದ್ದೆವು. ಗಿಡಗಳ ತಪ್ಪೇನೂ ಇರಲಿಲ್ಲವೆಂಬುದು ವಿಚಾರಿಸಿದ ಮೇಲೆ ತಿಳಿಯಿತು.

ಸಾರಜನಕವು ಅತಿಯಾದರೆ ಗಿಡದ ಶಕ್ತಿಯು ಎಲೆಗೇ ಸಲ್ಲುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು ಸೆಕೆ. ಹಗಲಿನ ಉಷ್ಣತೆ ಸುಮಾರು 32 ಸೆಂಟಿಗ್ರೇಡನ್ನು ಮೀರಿ, ಇರುಳಿನದು 21ಕ್ಕಿಂತ ಕೆಳಗಿಳಿಯದಿದ್ದರೆ ಪರಾಗವು ಸತ್ತ್ವಗುಂದುತ್ತದೆ. ವೈಶಾಖದ ಬೇಗೆಯಲ್ಲಿ ಹೂವುದುರಿಸಿದ ಗಿಡವೇ ಮಳೆ ಬಿದ್ದು ರಾತ್ರಿ ತಂಪಾದೊಡನೆ ಕಾಯಿ ಕಚ್ಚುವುದುಂಟು.

ಮೂರನೆಯದನ್ನು ನಾವು ಊಹಿಸಿಯೇ ಇರಲಿಲ್ಲ. ಟೊಮೇಟೊ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇವೆ. ಅದಕ್ಕೆ ಬೇರೊಂದು ಗಿಡದ ಹಂಗಿಲ್ಲ. ಆದರೆ ಪರಾಗವು ಕೇಸರಗಳ ಕೊಳವೆಯೊಳಗೆ ಅಡಗಿರುವುದರಿಂದ ಹೂವು ಅಲುಗಿದಲ್ಲದೆ ಉದುರದು. ಬಯಲಿನಲ್ಲಿ ಬೀಸುಗಾಳಿಯೂ, ಹೂವನ್ನು ಕಚ್ಚಿ ಹಿಡಿದು ಮೊರೆಯುವ ದುಂಬಿಯೂ ಈ ಉಪಕಾರವನ್ನು ಮಾಡುತ್ತವೆ. ನಾಲ್ಕು ಗೋಡೆಗಳ ನಡುವಣ ಹಿತ್ತಲಿನಲ್ಲಿ ಅದನ್ನು ನಾವೇ ಮಾಡಬೇಕು.

ನಾವು ಗೊಬ್ಬರವನ್ನು ನಿಲ್ಲಿಸಿದೆವು. ನೆರಳು ಚೆಲ್ಲುತ್ತಿದ್ದ ಕೊಂಬೆಯನ್ನು ಕಡಿಸಿದೆವು, ಏಕೆಂದರೆ ಈ ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ದಿನವೂ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದೊಳಗಾಗಿ, ಹೂಗೊಂಚಲಿನ ಕಾವನ್ನು ಬೆರಳಿನಿಂದ ಮೆಲ್ಲನೆ ಮಿಡಿದೆವು. ಮಳೆಯೂ ಬಂದಿತು. ಅನಂತರದ ಹೂಗಳು ಉದುರಲಿಲ್ಲ. ಅವುಗಳ ಬುಡದಲ್ಲಿ ಬಟಾಣಿಯಷ್ಟು ಹಸಿರು ಕಾಯಿಗಳು ಕಂಡುವು.

ನಿಮ್ಮ ಗಿಡವೂ ಸೊಂಪಾಗಿದ್ದು ಬಂಜೆಯಂತೆ ತೋರಿದರೆ, ಕೀಳುವ ಮೊದಲು ಒಮ್ಮೆ ಅಲುಗಿಸಿ ನೋಡಿರಿ.